ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಹನ್ನೊಂದು

ಅರ್ಜಿಯ ಮೂರನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು. ನಾನು ಓದಿದ್ದು ಕನ್ನಡ ಮಾಧ್ಯಮ, ಅರ್ಜಿ ಇದ್ದದ್ದು ಇಂಗ್ಲಿಷಿನಲ್ಲಿ, ಆದರೂ ಆ ಒಂದು ಪ್ರಶ್ನೆ ಮಾತ್ರ ಯಾರ ಸಹಾಯವೂ ಇಲ್ಲದೆ ಅರ್ಥವಾಯಿತು. ನಿಮಗೆ ಬಹುಕಾಲದ ಕಾಯಿಲೆ ಏನಾದರೂ ಇದೆಯೇ? ಅದರಿಂದ ಓದಿಗೆ ತೊಂದರೆಯಾಗಿದ್ದರೆ ವಿವರ ಬರೆಯಿರಿ, ಆಧಾರ ಲಗತ್ತಿಸಿ. ಕೆಳಗೆ ಐದು ಗೆರೆ ಖಾಲಿ ಬಿಟ್ಟಿದ್ದರು. ಹದಿನಾರು ವರ್ಷದಲ್ಲಿ ಒಂದು ಕಾಗದವಾದರೂ, ಒಬ್ಬ ಮನುಷ್ಯರಾದರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಐದು ಗೆರೆ ಸಾಲದೆ ನಾನು ಅಂಚಿನಲ್ಲೂ ಬರೆದೆ.

ಅದು ತೊಂಬತ್ತೊಂಬತ್ತನೆಯ ಇಸವಿಯ ಜೂನ್. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಹದಿನೈದು ದಿನವಾಗಿತ್ತು. ಕಾಲೇಜು ಕಂಟೋನ್ಮೆಂಟಿನಲ್ಲಿತ್ತು, ಹೆಣ್ಣುಮಕ್ಕಳದು, ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದರು. ಹೆಸರು ಬೇಡ. ಅಲ್ಲಿ ಸೈನ್ಸಿಗೆ ಐನೂರ ಐವತ್ತು ಅಂಕದ ಕೆಳಗೆ ಯಾರನ್ನೂ ಮುಟ್ಟುತ್ತಿರಲಿಲ್ಲ. ನನಗೆ ಬಂದದ್ದು ಐನೂರ ಹದಿನೆಂಟು. ಆದರೆ ಕಷ್ಟದಲ್ಲಿ ಓದಿದವರಿಗೆಂದು ಎಂಟು ಸೀಟು ಪ್ರಿನ್ಸಿಪಾಲರ ಕೈಯಲ್ಲಿರುತ್ತದೆ ಎಂದು ನಮ್ಮ ನೂರುನ್ನೀಸಾ ಮಿಸ್ಸಿಗೆ ಯಾರೋ ಹೇಳಿದ್ದರು. ಅರ್ಜಿಯನ್ನು ತಂದುಕೊಟ್ಟವರೂ ಅವರೇ. ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಕಾಲೇಜಿನೊಳಗೆ ಒಂದು ಕೋಣೆ ಇದೆಯಂತೆ, ಅದರಲ್ಲಿ ಒಂದು ಮಂಚ, ಒಬ್ಬ ನರ್ಸು. ಸುಸ್ತಾದವರು ಹೋಗಿ ಹೇಳಿ ಮಲಗಬಹುದಂತೆ. ಹೇಳಿ ಮಲಗುವುದು! ನನಗೆ ಗೊತ್ತಿದ್ದದ್ದು ಹೇಳದೆ ನಿಂತಿರುವುದು ಮಾತ್ರ.

ನನ್ನದು ಎದೆಯ ಕಾಯಿಲೆ. ಹನ್ನೊಂದನೆಯ ವಯಸ್ಸಿನಲ್ಲಿ ಗಂಟಲು ನೋವು ಬಂತು, ಅದರ ಹಿಂದೆ ಮಂಡಿ ಊದಿತು, ಮಂಡಿಯ ಊತ ಇಳಿಯುವ ಹೊತ್ತಿಗೆ ಎದೆಯ ಒಂದು ಕವಾಟ ಕೆಟ್ಟಿತ್ತು. ಅಂದಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಸೊಂಟಕ್ಕೆ ಪೆನ್ಸಿಲಿನ್ ಸೂಜಿ. ಚುಚ್ಚಿಸಿಕೊಂಡ ಎರಡು ದಿನ ಕುಂಟುತ್ತಿದ್ದೆ. ನಡೆಯುವಾಗ ನಾನೂ ಎಲ್ಲರ ಹಾಗೇ, ಆದರೆ ಮೆಟ್ಟಿಲು ಕಂಡರೆ ಮುಗಿಯಿತು. ಹತ್ತು ಹನ್ನೆರಡು ಮೆಟ್ಟಿಲಿಗೆ ಒಮ್ಮೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವುದು ನಾನು ಕಂಡುಕೊಂಡಿದ್ದ ಉಪಾಯ. ನನ್ನಷ್ಟು ಸಲ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ ಹುಡುಗಿ ಬೆಂಗಳೂರಿನಲ್ಲಿ ಇನ್ನೊಬ್ಬಳಿರಲಾರಳು.

ಈ ನಾಟಕ ಅವ್ವನ ಆಜ್ಞೆ. ನಾವು ಚಿತ್ತಾಪುರದ ಕಡೆಯವರು. ಅಪ್ಪ ಸಿ.ವಿ. ರಾಮನ್ ನಗರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಅವ್ವ ಇಂದಿರಾನಗರದ ಮೂರು ಮನೆಗಳಲ್ಲಿ ಅಡುಗೆ. ಬೈಯಪ್ಪನಹಳ್ಳಿ ರೈಲ್ವೆ ಗೇಟಿನ ಹತ್ತಿರ ಸಾಲಾಗಿದ್ದ ಬಾಡಿಗೆ ಕೋಣೆಗಳಲ್ಲಿ ಒಂದು ನಮ್ಮದು. ಸಾಲಿನಲ್ಲಿ ಇದ್ದವರೆಲ್ಲ ನಮ್ಮ ಕಡೆಯವರೇ, ಇಲ್ಲಿ ಸೀನಿದರೆ ಚಿತ್ತಾಪುರದಲ್ಲಿ ಕೇಳಿಸುತ್ತಿತ್ತು. "ಹೆಣ್ಣ ಕೂಸದ. ಎದಿ ಕೆಟ್ಟದ ಅಂತ ಒಬ್ಬರಿಗಿ ಗೊತ್ತಾದ್ರ ಸಾಕು, ನಾಳಿ ಯಾರ್ ಮಾಡ್ಕೋತಾರ ನಿನಗ? ಬಾಯಿ ಮುಚ್ಕೊಂಡಿರು," ಎಂದಿದ್ದಳು ಅವ್ವ. ಮುಚ್ಚಿಕೊಂಡಿದ್ದೆ. ಹಲಸೂರಿನ ನಮ್ಮ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಷಯ ಗೊತ್ತಿದ್ದದ್ದು ನೂರುನ್ನೀಸಾ ಮಿಸ್ಸಿಗೆ ಒಬ್ಬರಿಗೇ, ಅದೂ ನಾನು ಹೇಳಿದ್ದಲ್ಲ. ಗಣಿತದ ಮಿಸ್ಸು, ನಾನು ಮೆಟ್ಟಿಲಲ್ಲಿ ಎಷ್ಟು ಸಲ ಬಗ್ಗುತ್ತೇನೆ ಎಂದು ಎಣಿಸಿಬಿಟ್ಟಿದ್ದರು.

ಹತ್ತನೆಯ ಕ್ಲಾಸಿನ ಜುಲೈಯಲ್ಲಿ ನಾನು ಬಿದ್ದೆ. ತಪ್ಪು ನನ್ನದೇ, ಸುಳ್ಳು ಹೇಳುವುದಿಲ್ಲ. ಸೂಜಿಯ ನೋವಿಗೆ ರೋಸಿಹೋಗಿ ಎರಡು ಸಲ ತಪ್ಪಿಸಿ, ಹಾಕಿಸಿಕೊಂಡೆ ಎಂದು ಮನೆಯಲ್ಲಿ ಹೇಳಿದ್ದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ. ಕೀಲುಗಳೆಲ್ಲ ಊದಿ, ಜ್ವರ ಏರಿ, ಮಲಗಿದರೆ ಉಸಿರು ಕಟ್ಟಿ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಸೇರಿದೆ. ಐವತ್ತೆಂಟು ದಿನ. ಅವ್ವ ಶಾಲೆಗೆ ಹೋಗಿ, ಅಜ್ಜಿಗೆ ಹುಷಾರಿಲ್ಲ, ಹುಡುಗಿಯನ್ನು ನೋಡಿಕೊಳ್ಳಲು ಊರಿಗೆ ಕಳಿಸಿದ್ದೇನೆ ಎಂದು ಹೇಳಿಬಂದಳು.

ಹಾಗಾಗಿ ಯಾರೂ ಬರಲಿಲ್ಲ. ಅವ್ವ ಮೂರು ಮನೆಯ ಅಡುಗೆ ಮುಗಿಸಿ ಮಧ್ಯಾಹ್ನ ಬಂದು ಹೋಗುತ್ತಿದ್ದಳು. ನಾಲ್ಕು ಗಂಟೆಗೆ ವಾರ್ಡಿನ ಬಾಗಿಲು ತೆರೆದರೆ ಮಿಕ್ಕ ಮಂಚಗಳ ಸುತ್ತ ಜನ ತುಂಬಿಕೊಳ್ಳುತ್ತಿದ್ದರು, ಕ್ಯಾರಿಯರ್ ಬಿಚ್ಚುವ ಸದ್ದು, ತಮಿಳು, ಉರ್ದು, ತೆಲುಗು. ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಕ್ಲಾಸಿನಲ್ಲಿ ಈಗ ಯಾವ ಪಾಠ, ನನ್ನ ಜಾಗದಲ್ಲಿ ಯಾರು ಕೂತಿದ್ದಾರೆ ಎಂದು ಯೋಚಿಸುತ್ತಿದ್ದೆ. ಮೊದಮೊದಲು ಫಾಯಿಜಾ ಬರಬಹುದು ಅನ್ನಿಸುತ್ತಿತ್ತು, ಅವಳು ನನ್ನ ಪಕ್ಕದಲ್ಲಿ ಕೂರುವವಳು, ಮನೆಯೂ ಇದೇ ಶಿವಾಜಿನಗರ. ಊರಿಗೆ ಹೋದವಳನ್ನು ಆಸ್ಪತ್ರೆಯಲ್ಲಿ ಯಾರು ಹುಡುಕುತ್ತಾರೆ? ಗೊತ್ತಿತ್ತು, ಆದರೂ ಸಿಟ್ಟು ಬರುತ್ತಿತ್ತು. ಒಂದು ತಿಂಗಳಾದ ಮೇಲೆ ಸಿಟ್ಟೂ ಹೋಯಿತು. ನಾನು ಇಲ್ಲದೆ ನಲವತ್ತೊಂದು ಹುಡುಗಿಯರು ಆರಾಮಾಗಿದ್ದಾರೆ, ಅಷ್ಟೇ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಕ್ಲಾಸಿಗೆ ಮರಳಿದೆ. ಮುಖ ಮಾತ್ರೆಗೆ ಊದಿ ಗುಂಡಗಾಗಿತ್ತು. ನೂರುನ್ನೀಸಾ ಮಿಸ್ ಹಾಜರಿ ಕೂಗಿದರು. "ಪ್ರಿಯದರ್ಶಿನಿ ಬಿ." ನಾನು ಎದ್ದು "ಪ್ರೆಸೆಂಟ್ ಮಿಸ್" ಎಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮಿಸ್ಸೂ ನಕ್ಕರು. ನಗು ನಿಲ್ಲಲೇ ಇಲ್ಲ, ಮುಂದಿನ ಬೆಂಚಿನ ಅಮುದಾ ಅಂತೂ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ನಾನು ನನ್ನ ಗುಂಡು ಮುಖ ತೆಗೆದುಕೊಂಡು ಕೂತೆ. ಅವತ್ತಿನಿಂದ ಪರೀಕ್ಷೆ ಮುಗಿಯುವ ತನಕ ಆ ಕ್ಲಾಸಿನಲ್ಲಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಊಟದ ಹೊತ್ತಿಗೆ ಫಾಯಿಜಾ ಕರೆದರೂ ನೀರಿನ ಟ್ಯಾಂಕಿನ ಹಿಂದೆ ಹೋಗಿ ಒಬ್ಬಳೇ ತಿನ್ನುತ್ತಿದ್ದೆ. ನನ್ನ ಹಟ ನನಗೆ ದೊಡ್ಡದು.

ಇಷ್ಟನ್ನೂ ಅರ್ಜಿಯಲ್ಲಿ ಬರೆಯಲಿಲ್ಲ. ಕಾಯಿಲೆ, ಆಸ್ಪತ್ರೆ, ಐವತ್ತೆಂಟು ದಿನ, ಅದಕ್ಕೇ ಅಂಕ ಕಡಿಮೆ, ಇಷ್ಟೇ. ಡಿಸ್ಚಾರ್ಜ್ ಚೀಟಿ ಲಗತ್ತಿಸಿದೆ. ಅವ್ವ ಓದಿಸಿಕೊಂಡು ಕೇಳಿ, "ಎಲ್ಲಾ ಬರ್ದಿ. ಇನ್ನ ಡಂಗುರ ಹೊಡಿಯೋದೊಂದೇ ಉಳೀತು," ಎಂದಳು. ಮತ್ತೆ, "ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂವ ಬೇಕ ನಿನಗ," ಎಂದಳು. ಆದರೆ ತಡೆಯಲಿಲ್ಲ. ಕೋಣೆಯ ಮಂಚದ ವಿಷಯ ಅವಳಿಗೂ ಹೇಳಿದ್ದೆ.

ಸಂದರ್ಶನದ ದಿನ ಎಲ್ಲ ಹುಡುಗಿಯರ ಜೊತೆ ಅಪ್ಪಂದಿರು ಬಂದಿದ್ದರು, ಕೆಲವರ ಜೊತೆ ಅಪ್ಪ ಅಮ್ಮ ಅಣ್ಣ ಮೂವರೂ. ನಾನು ಒಬ್ಬಳೇ. ಮೊದಲನೆಯ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು, ಎರಡು ಸಲ ಚಪ್ಪಲಿಯ ಪಟ್ಟಿ. ಪ್ರಿನ್ಸಿಪಾಲ್ ಸಿಸ್ಟರ್ ವಯಸ್ಸಾದವರು, ಮಂಗಳೂರಿನ ಕಡೆಯ ಕನ್ನಡ. ನನ್ನನ್ನು ಕೂರಿಸಿ, ಐದು ಗೆರೆಯನ್ನೂ ಅಂಚನ್ನೂ ಓದಿದರು. ಓದುವಾಗ ಅವರ ಮುಖ ಮೆತ್ತಗಾಯಿತು. ಸೀಟು ಸಿಕ್ಕಿತು ಎಂದುಕೊಂಡೆ. ಆಮೇಲೆ ಅವರು ಇನ್ನೊಂದು ಕಾಗದ ಎತ್ತಿಕೊಂಡರು, ನಮ್ಮ ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಈ ಕಾಲೇಜಿನವರು ಹಾಜರಾತಿಯನ್ನೂ ಬರೆಸಿ ತರಲು ಹೇಳಿದ್ದರು. ಶಾಲೆಯ ಗುಮಾಸ್ತ ಬರೆದು, ಮಡಚಿ, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಿದ್ದ. ನಾನು ಅದನ್ನು ಓದಿಯೇ ಇರಲಿಲ್ಲ.

"ಇದು ಎಂತದು ಮಗು?" ಎಂದರು ಸಿಸ್ಟರ್. "ಒಟ್ಟು ಕೆಲಸದ ದಿನ ಇನ್ನೂರ ಹದಿನಾಲ್ಕು. ನೀನು ಬಂದದ್ದು ಇನ್ನೂರ ಹನ್ನೊಂದು."

ನಾನು ಕಾಗದ ನೋಡಿದೆ. ಹಾಗೇ ಇತ್ತು. ಕೆಳಗೆ ತರಗತಿ ಶಿಕ್ಷಕಿ ಎಂದು ನೂರುನ್ನೀಸಾ ಮಿಸ್ಸಿನ ಸಹಿ.

"ಐವತ್ತೆಂಟು ದಿನ ಆಸ್ಪತ್ರೆಯಲ್ಲಿ ಇದ್ದವಳು ಶಾಲೆಗೆ ಹೇಗೆ ಬಂದೆ? ಎರಡರಲ್ಲಿ ಒಂದು ಸುಳ್ಳು. ಈ ಸೀಟಿಗೋಸ್ಕರ ಡಾಕ್ಟರ್ ಚೀಟಿ ಬರೆಸಿಕೊಂಡು ಬರುವವರು ವರ್ಷವೂ ಇರ್ತಾರೆ. ನೀನು ಅಂತವಳ ಹಾಗೆ ಕಾಣುವುದಿಲ್ಲ."

"ನಾನು ಆಸ್ಪತ್ರೇಲಿ ಇದ್ದಿದ್ದು ನಿಜ ಸಿಸ್ಟರ್."

"ಹಾಗಾದರೆ ಹಾಜರಿ ಸುಳ್ಳು. ಹಾಜರಿ ತಪ್ಪು ಅಂತ ನಿನ್ನ ಟೀಚರ್ ಬರೆದುಕೊಡಲಿ, ನಾಳೆ ಹನ್ನೊಂದರ ಒಳಗೆ ತಾ. ತಂದರೆ ಸೀಟು ನಿನಗೆ. ಬಾರದೆ ಹೋದರೆ ಬಿಟ್ಟುಬಿಡ್ಲಿಕ್ಕೆ ಆಗುವುದಿಲ್ಲ, ಯಾವುದು ಸುಳ್ಳು ಅಂತ ನಾನೇ ಶಾಲೆಗೂ ಇಲಾಖೆಗೂ ಬರೆದು ಕೇಳಬೇಕಾಗ್ತದೆ. ಗೊತ್ತಾಯ್ತಾ?"

ಗೊತ್ತಾಯಿತು. ಅಲ್ಲಿಂದ ಶಿವಾಜಿನಗರಕ್ಕೆ ನಡೆದೇ ಹೋದೆ. ದಾರಿಯುದ್ದಕ್ಕೂ ಮಿಸ್ಸಿನ ಮೇಲೆ ಕೋಪ ಕುದಿಯುತ್ತಿತ್ತು. ನನ್ನ ಕಾಯಿಲೆಯನ್ನು ಅವ್ವ ಬಾಯಲ್ಲಿ ಮುಚ್ಚಿದ್ದಳು, ಇವರು ಪುಸ್ತಕದಲ್ಲೇ ಅಳಿಸಿಹಾಕಿದ್ದರು. ನಾನು ಆ ಮಂಚದಲ್ಲಿ ಗೋಡೆ ನೋಡುತ್ತ ಮಲಗಿದ್ದಕ್ಕೆ ಲೋಕದಲ್ಲಿ ಒಂದು ಗುರುತೂ ಇರಲಿಲ್ಲ.

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮಿಸ್ಸಿನ ಮನೆ. ಬಾಗಿಲಲ್ಲಿ ಅವರ ಯಜಮಾನರು ಶೌಕತ್ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಿಸ್ ನನ್ನನ್ನು ಒಳಗೆ ಕರೆದು ನೀರು ಕೊಟ್ಟು, ನನ್ನ ಉಸಿರು ಇಳಿಯುವ ತನಕ ಏನೂ ಕೇಳದೆ ಕೂತರು. ನಾನು ಎಲ್ಲ ಹೇಳಿದೆ. ಅವರು ಹಣೆಗೆ ಕೈಯಿಟ್ಟುಕೊಂಡರು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಸರ್ಟಿಫಿಕೇಟಲ್ಲಿ ಹಾಜರಿ ಬರೀತಾರೆ ಅಂತ ಹೊಳೀಲೇ ಇಲ್ಲ ಬೇಟಾ. ಗುಮಾಸ್ತ ಇಪ್ಪತ್ತು ತಂದಿಟ್ಟ, ಸೈನ್ ಹಾಕ್ಬಿಟ್ಟೆ."

"ಯಾಕೆ ಮಿಸ್ ಹಾಗೆ ಬರೆದ್ರಿ?"

"ಹಾಜರಿ ಕಮ್ಮಿ ಆದ್ರೆ ಪರೀಕ್ಷೆಗೆ ಕೂರ್ಸಲ್ಲ ಅಂತಾರೆ. ಮೆಡಿಕಲ್ ಸರ್ಟಿಫಿಕೇಟ್ ಕೊಡಿ ಅಂದ್ರೆ ನಿಮ್ಮಮ್ಮ, ಹುಡುಗಿ ಊರಿಗೆ ಹೋಗಿದಾಳೆ ಅಂತಿದ್ರು. ಬೌರಿಂಗ್ ನಮ್ಮನೆ ಹತ್ರಾನೇ, ಅನುಮಾನ ಬಂದು ನಾನು ಒಂದಿನ ಆಸ್ಪತ್ರೆಗೆ ಬಂದು, ವಾರ್ಡಿನ ಬಾಗಿಲಲ್ಲೇ ನಿಂತು ನಿನ್ನ ನೋಡಿದ್ದೆ. ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ಎಬ್ಸಿದ್ರೆ, ನಿಮ್ಮಮ್ಮನ ಮಾತು ಸುಳ್ಳು ಅಂತ ಗೊತ್ತಾಯ್ತಲ್ಲ ಅಂತ ನಿಂಗೆ ನಾಚಿಕೆ ಆಗತ್ತೆ ಅಂತ ಹಾಗೇ ಬಂದ್ಬಿಟ್ಟೆ."

ನಾನು ಆಗ ಎಚ್ಚರವಾಗಿದ್ದೆ ಎಂದು ಹೇಳಲಿಲ್ಲ. ದಿನವೂ ನಾಲ್ಕು ಗಂಟೆಗೆ ನಾನು ಎಚ್ಚರವಾಗಿಯೇ ಇರುತ್ತಿದ್ದೆ.

"ಆದ್ರೆ ಸುಮ್ನೆ ಪೆನ್ನಲ್ಲಿ ಗುರುತು ಹಾಕೋಕೆ ಮನಸ್ಸು ಬರ್ಲಿಲ್ಲ," ಎಂದರು ಮಿಸ್. "ಇಪ್ಪತ್ತೊಂಬತ್ತು ವರ್ಷದಿಂದ ಹಾಜರಿ ಕೂಗಿದೀನಿ. ದನಿ ಕೇಳ್ದೆ ಗುರುತು ಹಾಕಿದವಳಲ್ಲ. ಅದಕ್ಕೆ ನಿನ್ನ ಹೆಸರು ಕೂಗ್ತಿದ್ದೆ. ಹುಡುಗೀರಿಗೆ ಹೇಳಿದ್ದೆ, ಅವಳಿಗೆ ಹುಷಾರಿಲ್ಲ, ಎಲ್ಲಿದಾಳೆ ಅಂತ ಕೇಳ್ಬೇಡಿ, ಬಂದ ಮೇಲೂ ಕೇಳ್ಬೇಡಿ. ಕೂಗಿದಾಗ ಒಬ್ಬರು ಬಂದಿದಾಳೆ ಅನ್ನಿ. ಮೊದಲ ದಿನ ಫಾಯಿಜಾ ಅಂದ್ಳು. ಒಬ್ಬಳ ತಲೆ ಮೇಲೇ ಯಾಕೆ ಅಂತ ಆಮೇಲೆ ಅವಳನ್ನ ಬಿಟ್ಟು ಬೆಂಚಿನ ಪ್ರಕಾರ, ದಿನಕ್ಕೊಬ್ಬಳು. ನಲವತ್ನಾಲ್ಕು ದಿನ. ಒಂದು ಸುತ್ತು ಮುಗಿದು ಎರಡನೇ ಸುತ್ತು ಶುರುವಾಗಿತ್ತು."

"ಮೂರು ದಿನ ಇಲ್ಲ ಅಂತಿದೆ."

"ಆ ಮೂರು ದಿನ ನಾನು ರಜ. ನನ್ನ ತಂಗಿ ಮಗಳ ನಿಕಾಹ್ ಇತ್ತು."

ನಾನು ಲೆಕ್ಕ ಹಾಕುತ್ತಿದ್ದೆ. ನಲವತ್ತೊಂದು ಹುಡುಗಿಯರು, ನಲವತ್ತನಾಲ್ಕು ದಿನ. ನಾನು ಮರಳಿದ ದಿನ ಎರಡನೆಯ ಸುತ್ತಿನ ನಾಲ್ಕನೆಯವಳ ಸರದಿ. ಮೊದಲ ಬೆಂಚಿನಲ್ಲಿ ನಾಲ್ಕನೆಯವಳು ಅಮುದಾ.

"ಅವತ್ತು ನಕ್ಕಿದ್ದು..." ಎಂದೆ.

"ಹೂಂ ಮತ್ತೆ! ನೀನು ಪ್ರೆಸೆಂಟ್ ಮಿಸ್ ಅಂದೆ, ಅಮುದಾನೂ ಅಭ್ಯಾಸಬಲದಿಂದ ಬಂದಿದಾಳೆ ಮಿಸ್ ಅಂದ್ಳು. ಒಟ್ಟಿಗೇ. ನಿಂಗೆ ಕೇಳಿಸ್ಲಿಲ್ವಾ?"

ಕೇಳಿಸಿರಲಿಲ್ಲ. ನನಗೆ ಕೇಳಿಸಿದ್ದು ನಗು ಮಾತ್ರ. ಅಮುದಾ ಏಳನೆಯ ಕ್ಲಾಸಿನಲ್ಲಿ ನನ್ನ ಕಂಪಾಸ್ ಪೆಟ್ಟಿಗೆ ಬೀಳಿಸಿದ ದಿನದಿಂದ ನಾವು ಮಾತು ಬಿಟ್ಟಿದ್ದೆವು. ಅವಳು ನನ್ನ ಹೆಸರಿಗೆ ಎರಡು ದಿನ ಉತ್ತರ ಕೊಟ್ಟಿದ್ದಳು. ನಾನು ನೀರಿನ ಟ್ಯಾಂಕಿನ ಹಿಂದೆ ಕೂತು ತಿಂದ ಆರು ತಿಂಗಳ ಬುತ್ತಿ ಗಂಟಲಿಗೆ ಬಂದ ಹಾಗಾಯಿತು. ಯಾರ ಮುಂದೆಯೂ ಅಳದವಳು ಅಲ್ಲಿ ಅತ್ತೆ. ಮಿಸ್ ಬೆನ್ನು ಸವರಿ, ಒಳಗಿಂದ ಬಿಳಿ ಹಾಳೆ ತಂದು ಬರೆಯಲು ಕೂತರು.

ಶೌಕತ್ ಸಾಹೇಬರು ಬಾಗಿಲಿಂದಲೇ ಹೇಳಿದರು: "ದಸ್ ಮೈನೇಚ್ ಹೈ ಪಿಂಚನ್ ಕೂ. ಕೈಕೂ ಲಿಕ್ರೀ?" ಪಿಂಚಣಿಗೆ ಹತ್ತೇ ತಿಂಗಳಿದೆ, ಯಾಕೆ ಬರೆಯುತ್ತೀ ಎಂದು.

ಮಿಸ್ ತಲೆಯೆತ್ತದೆ ಅದೇ ಭಾಷೆಯಲ್ಲಿ, ಮಗುವಿನ ಎದುರು ಬೇಡ ಎಂದರು. ಅವರು ಬಿಡಲಿಲ್ಲ. ಕಾಗದ ಒಮ್ಮೆ ಕೈಬಿಟ್ಟರೆ ಮೇಜಿಂದ ಮೇಜಿಗೆ ಹೋಗುತ್ತದೆ, ನೌಕರಿ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ, ಆಮೇಲೆ ಈ ಹುಡುಗಿ ಬಂದು ಅನ್ನ ಹಾಕುತ್ತಾಳಾ ಎಂದರು. ಕೋಪದಿಂದಲ್ಲ, ಬಹಳ ಸುಸ್ತಾದ ದನಿಯಲ್ಲಿ. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದರು. ನಾನು ಚಿತ್ತಾಪುರದವಳು. ನಮ್ಮ ಊರಿನ ಓಣಿಯಲ್ಲಿ ಅರ್ಧ ಮಾತು ಅದೇ ಭಾಷೆಯಲ್ಲಿ ನಡೆಯುತ್ತದೆ.

ಮಿಸ್ ಬರೆದು ಮುಗಿಸಿ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. "ಇದನ್ನ ಕೊಟ್ಟು ಸೀಟ್ ತಗೋ. ನನ್ನ ಚಿಂತೆ ನಿಂಗೆ ಬೇಡ," ಎಂದರು. ನಾನು ಬೇಡ ಎನ್ನಲಿಲ್ಲ. ನನಗೆ ಆ ಸೀಟು ಬೇಕಿತ್ತು.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. "ಕೊಟ್ಟು ಬಾ," ಎಂದಳು.

"ಅವರ ಕೆಲಸ ಹೋಗ್ತದವ್ವ."

"ಅವರಿಗಿ ಗಂಡ ಅದಾನ, ಮನಿ ಅದ. ನಿನಗ ಏನದ? ಕೆಟ್ಟ ಎದಿ ಒಂದದ." ಬಡಿಯುವುದನ್ನು ನಿಲ್ಲಿಸಿ, "ಅವತ್ತ ಸಾಲ್ಯಾಗ ಹೋಗಿ ಸುಳ್ಳ ಹೇಳಿದಕಿ ನಾನೇ. ಖರೆ ಹೇಳಿದ್ರ ಇದೆಲ್ಲ ಬರ್ತಿದ್ದಿಲ್ಲ," ಎಂದಳು. ಅವ್ವ ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಬೈಯಪ್ಪನಹಳ್ಳಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಕಂಟೋನ್ಮೆಂಟಿನಲ್ಲಿ ಇಳಿದೆ. ಕಾಗದ ಚೀಲದಲ್ಲಿತ್ತು. ಕೊಡುತ್ತೇನೆ ಎಂದುಕೊಂಡೇ ಹೋದೆ, ಇದರಲ್ಲಿ ದೊಡ್ಡತನ ಹಚ್ಚಿಕೊಳ್ಳುವುದಿಲ್ಲ. ಸಿಸ್ಟರ್ ಕಾಗದವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ, ಮಿಸ್ಸಿಗೆ ಏನೂ ಆಗುವುದಿಲ್ಲ, ಇವರು ದೇವರ ಕೆಲಸ ಮಾಡುವವರು ಎಂದು ರೈಲಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಕೋಣೆಯ ಬಾಗಿಲಲ್ಲಿ ಉಸಿರು ಸರಿಮಾಡಿಕೊಂಡು ಒಳಗೆ ಹೋದೆ.

"ಕಾಗದ ತಂದೆಯಾ?" ಎಂದರು ಸಿಸ್ಟರ್.

"ತಂದ್ರೆ ಅದನ್ನ ಏನ್ ಮಾಡ್ತೀರ ಸಿಸ್ಟರ್?"

ಅವರು ಕನ್ನಡಕ ತೆಗೆದರು. "ಫೈಲಿಗೆ ಹಾಕ್ತೇನೆ. ಒಂದು ಪ್ರತಿ ಇಲಾಖೆಗೆ ಕಳಿಸ್ತೇನೆ. ಐನೂರ ನಲವತ್ತು ಬಂದ ಹುಡುಗಿಯನ್ನು ಬಿಟ್ಟು ನಿನ್ನನ್ನು ತೆಗೊಂಡರೆ, ಅವಳ ಅಪ್ಪ ಬಂದು ಯಾಕೆ ಅಂತ ಕೇಳಿದಾಗ ನಾನು ತೋರಿಸಬೇಕಲ್ಲ ಮಗು."

ಸರಿಯಾದ ಮಾತು. ಅವರನ್ನು ಬೈಯಲು ನನಗೆ ಇವತ್ತಿಗೂ ಕಾರಣ ಸಿಕ್ಕಿಲ್ಲ. ಕಾಗದ ಕೊಟ್ಟರೆ ಇಲಾಖೆಗೆ ಹೋಗುತ್ತದೆ. ಕೊಡದೆ ಎದ್ದುಹೋದರೆ ಇವರು ಶಾಲೆಗೂ ಇಲಾಖೆಗೂ ಬರೆದು ಕೇಳುತ್ತಾರೆ, ಆಗಲೂ ಮಿಸ್ಸಿನ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಮೇಜಿನ ಮೇಲೆ ನನ್ನ ಅರ್ಜಿ ತೆರೆದಿತ್ತು, ಮೂರನೆಯ ಪುಟ. ಅಂಚಿನ ತನಕ ಬರೆದಿದ್ದ ನನ್ನ ಅಕ್ಷರ ಕಾಣುತ್ತಿತ್ತು. ಆ ನಲವತ್ತನಾಲ್ಕು ದಿನ ಒಂದೊಂದಾಗಿ ಎದ್ದು ನಿಂತ ಹುಡುಗಿಯರೂ ಕಂಡರು, ನಾನು ನೋಡಿಯೇ ಇರದ ಆ ಬೆಳಗುಗಳಲ್ಲಿ.

"ಆಸ್ಪತ್ರೆ ಚೀಟಿ ಸುಳ್ಳು ಸಿಸ್ಟರ್," ಎಂದೆ.

"ಏನಂದೆ?"

"ಚೀಟಿ ಬರೆಸಿಕೊಂಡು ಬಂದಿದ್ದು. ನನಗೆ ಯಾವ ಕಾಯಿಲೆಯೂ ಇಲ್ಲ. ಹಾಜರಿ ಸರಿಯಾಗೇ ಇದೆ. ನಾನು ದಿನಾ ಶಾಲೆಗೆ ಬಂದಿದೀನಿ."

ಐದು ವರ್ಷದಿಂದ ದೇವರಲ್ಲಿ ಕೇಳಿಕೊಂಡಿದ್ದ ಮಾತು ಅದು, ನನಗೆ ಯಾವ ಕಾಯಿಲೆಯೂ ಇಲ್ಲ ಎನ್ನುವುದು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಿಸ್ಟರ್ ಕನ್ನಡಕ ಹಾಕಿಕೊಂಡು ಪೆನ್ನು ಎತ್ತಿಕೊಂಡರು. ಅವರ ಮುಖದಲ್ಲಿದ್ದದ್ದು ಕೋಪವಲ್ಲ, ಬೇಸರ. ಕೋಪವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, "ಪಾಪದ ಮಕ್ಕಳ ಸೀಟಿಗೆ ಕೈ ಹಾಕಬಾರದು ಅಂತ ನಿನಗೆ ಯಾರೂ ಕಲಿಸಲಿಲ್ಲವಾ?" ಎಂದರು. ನಾನು ತಲೆ ತಗ್ಗಿಸಿದೆ. ಮೂರನೆಯ ಮಹಡಿಯ ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡ್ ಇದೆ, ಹೋಗಿ ವಾಪಸು ತೆಗೆದುಕೋ ಎಂದು ಚೀಟಿ ಬರೆದು ಕೊಟ್ಟರು.

ನಾನು ಹೊರಗೆ ಬಂದೆ. ಅವರೂ ಮುಂದಿನ ಹುಡುಗಿಯನ್ನು ಕರೆಯಲು ಬಾಗಿಲಿಗೆ ಬಂದು ನಿಂತರು. ಆ ಬಾಗಿಲಿಂದ ಮೆಟ್ಟಿಲು ತಿರುವಿನ ತನಕ ಕಾಣುತ್ತದೆ. ಅಲ್ಲಿಂದ ಮೂರನೆಯ ಮಹಡಿಗೆ ಇನ್ನೂ ನಲವತ್ತನಾಲ್ಕು ಮೆಟ್ಟಿಲು. ಬಗ್ಗಿ ಚಪ್ಪಲಿಯ ಪಟ್ಟಿ ಮುಟ್ಟಿದರೆ ಅವರಿಗೆ ತಿಳಿಯುತ್ತದೆ, ಹಿಂದಿನ ದಿನವೇ ಅರ್ಧ ತಿಳಿದವರು. ಕಾಯಿಲೆ ಇಲ್ಲದ ಹುಡುಗಿಯರು ಹೇಗೆ ಹತ್ತುತ್ತಾರೋ ಹಾಗೆ ಹತ್ತಿದೆ. ಹನ್ನೆರಡಕ್ಕೆ ಎದೆ ಬಡಿಯತೊಡಗಿತು. ಇಪ್ಪತ್ತಕ್ಕೆ ಕಿವಿಯಲ್ಲಿ ಸದ್ದು. ಇಪ್ಪತ್ತೆರಡಕ್ಕೆ ಮೆಟ್ಟಿಲು ತಿರುಗಿತು, ನಾನು ಮರೆಯಾದೆ, ಅಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಯಾರ ಮೇಲಿನ ಸಿಟ್ಟೋ ಗೊತ್ತಿಲ್ಲ, ಹತ್ತುತ್ತಲೇ ಹೋದೆ. ಕೊನೆಯ ಮೆಟ್ಟಿಲುಗಳನ್ನು ಪಕ್ಕದ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಮುಗಿಸಿದೆ. ತುಟಿ ತಣ್ಣಗಾಗಿತ್ತು.

ಆಫೀಸಿನ ಕಿಟಕಿಯ ಮುಂದೆ ಇಪ್ಪತ್ತು ಮೂವತ್ತು ಹುಡುಗಿಯರು, ಅಪ್ಪಂದಿರು. ಕೈಯಲ್ಲಿದ್ದ ಚೀಟಿಯನ್ನು ಕಿಟಕಿಯೊಳಗೆ ತಳ್ಳಿ, ಹಿಂದೆ ಹೋಗಿ ಗೋಡೆಗೆ ಒರಗಿದೆ. ಗುಮಾಸ್ತ ಕಟ್ಟಿನಲ್ಲಿ ಹುಡುಕಿ, ಕಾರ್ಡು ತೆಗೆದು, ಕೂಗಿದ.

"ಪ್ರಿಯದರ್ಶಿನಿ ಬಿ."

ಬಾಯಿ ತೆರೆದೆ. ಗಾಳಿ ಒಳಗೇ ಹೋಗುತ್ತಿರಲಿಲ್ಲ, ಮಾತು ಹೊರಗೆ ಎಲ್ಲಿಂದ ಬರಬೇಕು?

"ಪ್ರಿಯದರ್ಶಿನಿ! ಇದಾರೇನ್ರೀ?"

ನಾನು ಅಷ್ಟೂ ಹುಡುಗಿಯರ ಮುಖ ನೋಡಿದೆ. ಒಬ್ಬಳಾದರೂ ಬಂದಿದ್ದಾಳೆ ಎನ್ನುತ್ತಾಳೆಂದು, ಹುಚ್ಚಿಯ ಹಾಗೆ, ನಿಜವಾಗಿಯೂ ಕಾದೆ. ಅವರು ತಂತಮ್ಮ ಹೆಸರಿಗೆ ಕಿವಿಗೊಟ್ಟು ನಿಂತಿದ್ದರು. ಅವರಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿರಲಿಲ್ಲ. ಗುಮಾಸ್ತ, "ಬಂದಿಲ್ಲ," ಎಂದು ಕಾರ್ಡನ್ನು ಪಕ್ಕಕ್ಕೆ ಇಟ್ಟು ಮುಂದಿನ ಹೆಸರು ಹುಡುಕತೊಡಗಿದ.

ಗೋಡೆಯನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೆ. ಸಿಕ್ಕಷ್ಟು ಉಸಿರು ಕೂಡಿಸಿಕೊಂಡು, ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ.

"ಪ್ರೆಸೆಂಟ್ ಮಿಸ್!"

ಸಾಲು ಪೂರ್ತಿ ತಿರುಗಿ ನೋಡಿ ಗೊಳ್ಳೆಂದು ನಕ್ಕಿತು. "ಇದು ಕ್ಲಾಸಲ್ಲಮ್ಮ, ಆಫೀಸು," ಎಂದ ಗುಮಾಸ್ತ, ಅವನೂ ನಗುತ್ತಿದ್ದ. ನಾನು ಕಾರ್ಡು ತೆಗೆದುಕೊಂಡು, ಮಿಸ್ಸಿನ ಕಾಗದ ಇದ್ದ ಚೀಲಕ್ಕೆ ಹಾಕಿಕೊಂಡೆ. ನಗುವಿನ ಅಡಿಯಲ್ಲಿ ಇನ್ನೊಂದು ದನಿ ಇದೆಯೇನೋ ಎಂದು ಈ ಸಲ ಕಿವಿಗೊಟ್ಟು ಕೇಳಿದೆ. ಇರಲಿಲ್ಲ.